ಮನೆಯ ಕಂಪ್ಯೂಟರಿಗೆ ಉಚಿತ ಗುಂಪು ವಿಡಿಯೋ ಕರೆ: ಮಲೆನಾಡಿನ ಮನೆಗೆ ಯಾವುದು ಹೊಂದುತ್ತದೆ?

ಮಕ್ಕಳು ಬೆಂಗಳೂರು, ಪುಣೆ, ಕ್ಯಾಲಿಫೋರ್ನಿಯಾ ಎಂದು ಹಂಚಿಹೋಗಿ, ಅಪ್ಪ ಅಮ್ಮ ಹೊಸನಗರದ ಒಳಗಿನ ತೋಟದ ಮನೆಯಲ್ಲಿ ಉಳಿದಿರುವುದು ಮಲೆನಾಡಿನಲ್ಲಿ ಈಗ ಮಾಮೂಲಿ ಚಿತ್ರ. ವಾರಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಮುಖ ನೋಡಿ ಮಾತಾಡಬೇಕು, ಅದಕ್ಕೆ ಯಾವ ಪ್ರೋಗ್ರಾಂ ಹಾಕಿಕೊಳ್ಳೋಣ ಎಂಬ ಪ್ರಶ್ನೆ ಬಂದಾಗ ಉತ್ತರ ಕೊಡುವುದು ಸಾಮಾನ್ಯವಾಗಿ ಪೇಟೆಯಲ್ಲಿರುವ ಮಗ ಅಥವಾ ಮಗಳು. ಅವರ ಮನೆಗೆ ವೇಗದ ಫೈಬರ್ ಇರುತ್ತದೆ, ಹೊಸ ಲ್ಯಾಪ್‌ಟಾಪ್ ಇರುತ್ತದೆ, ಕಚೇರಿಯಲ್ಲಿ ಬಳಸಿ ರೂಢಿಯಾದ ಪ್ರೋಗ್ರಾಂ ಒಂದಿರುತ್ತದೆ. ಅದನ್ನೇ ಅಪ್ಪನ ಕಂಪ್ಯೂಟರಿಗೂ ಹಾಕಿಕೊಟ್ಟು ಹೋಗುತ್ತಾರೆ. ಆರಿದ್ರಾ ಮಳೆ ಹಿಡಿದ ಮೇಲೆ ಅದು ಅಲ್ಲಿ ನಡೆಯುವುದಿಲ್ಲ.

ಗುಂಪಿನಲ್ಲಿ ಅತ್ಯಂತ ದುರ್ಬಲ ಲೈನು ಯಾರದು, ಕಂಪ್ಯೂಟರ್ ಮುಟ್ಟಲು ಅತಿ ಹೆಚ್ಚು ಅಳುಕುವವರು ಯಾರು ಎಂದು ಮೊದಲು ನೋಡಿ. ಪ್ರೋಗ್ರಾಂ ಆಯ್ಕೆಯಾಗಬೇಕಾದದ್ದು ಅವರಿಗೆ. ಉಳಿದವರು ಹೇಗಾದರೂ ಹೊಂದಿಕೊಳ್ಳುತ್ತಾರೆ. ಈ ಬರಹದ ಎಲ್ಲ ಶಿಫಾರಸುಗಳೂ ಈ ಒಂದು ನಿಲುವಿನಿಂದ ಬಂದವು.

ಮೊದಲು ಲೈನು

ಇಂಟರ್‌ನೆಟ್ ಕೊಡುವವರು ಹೇಳುವ ವೇಗ ಹೆಚ್ಚಾಗಿ ಡೌನ್‌ಲೋಡ್ ವೇಗ. ಸಿನಿಮಾ ನೋಡಲು ಅದು ಸಾಕು. ವಿಡಿಯೋ ಕರೆಯಲ್ಲಿ ನಿಮ್ಮ ಮುಖ ಮತ್ತು ದನಿ ಮನೆಯಿಂದ ಹೊರಗೆ ಹೋಗಬೇಕಾದ್ದರಿಂದ ಅಪ್‌ಲೋಡ್ ವೇಗವೂ ಅಷ್ಟೇ ಮುಖ್ಯ. ಫೈಬರ್ ಲೈನಿನಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ಗುಡ್ಡದಾಚೆಯ ಟವರನ್ನು ನಂಬಿದ ಮೊಬೈಲ್ ಸಿಗ್ನಲ್‌ನಲ್ಲಿ ಹಾಗಲ್ಲ, ಅಪ್‌ಲೋಡ್ ಮೊದಲು ಸೋಲುತ್ತದೆ. ಮಗಳು ಅಮ್ಮನಿಗೆ ಸ್ಪಷ್ಟವಾಗಿ ಕಾಣುತ್ತಾಳೆ, ಅಮ್ಮ ಮಾತ್ರ ಮಗಳಿಗೆ ಚೂರುಚೂರಾಗಿ ಕಾಣುತ್ತಾರೆ. ಇದರ ಕಾರಣ ಬಹುತೇಕ ಇಲ್ಲೇ ಇರುತ್ತದೆ.

ಒಂದು ಸಮಾಧಾನವೂ ಇದೆ. ಇಂದಿನ ಗುಂಪು ಕರೆಯ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ನಿಮ್ಮ ವಿಡಿಯೋವನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸುವುದಿಲ್ಲ. ನಿಮ್ಮ ಕಂಪ್ಯೂಟರ್ ನಡುವಿನ ಸರ್ವರ್‌ಗೆ ಕಳಿಸುತ್ತದೆ, ಅಲ್ಲಿಂದ ಉಳಿದವರಿಗೆ ಹಂಚಿಕೆಯಾಗುತ್ತದೆ. ಹಾಗಾಗಿ ಗುಂಪಿನಲ್ಲಿ ನಾಲ್ವರಿದ್ದರೂ ಹತ್ತು ಜನರಿದ್ದರೂ ಮನೆಯಿಂದ ಹೊರಹೋಗುವ ಭಾರ ಅಷ್ಟಾಗಿ ಬದಲಾಗುವುದಿಲ್ಲ. ಹೆಚ್ಚುವುದು ಒಳಬರುವ ಭಾರ, ಏಕೆಂದರೆ ಪರದೆಯ ಮೇಲೆ ಮುಖಗಳು ಹೆಚ್ಚುತ್ತವೆ. ಮಾತಾಡುತ್ತಿರುವ ಒಬ್ಬರನ್ನು ಮಾತ್ರ ದೊಡ್ಡದಾಗಿ ತೋರಿಸುವ ನೋಟಕ್ಕೆ ಬದಲಾಯಿಸಿಕೊಂಡರೆ ಆ ಭಾರವೂ ಇಳಿಯುತ್ತದೆ.

ಡೇಟಾ ಲೆಕ್ಕ ಸುಲಭ. ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಒಂದು ಗಂಟೆ ಹರಿದರೆ 450 ಎಂಬಿ ಆಗುತ್ತದೆ. ಹೋಗುವುದು ಅಷ್ಟು, ಬರುವುದು ಅಷ್ಟು ಎಂದುಕೊಂಡರೆ ಗಂಟೆಗೆ 900 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮೊಬೈಲ್ ಯೋಜನೆಯ ಹಾಟ್‌ಸ್ಪಾಟ್‌ನಿಂದ ಕಂಪ್ಯೂಟರ್ ನಡೆಸುವವರಿಗೆ ಒಂದು ಸಂಜೆಯ ಹರಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಮುಗಿಯುತ್ತದೆ. ಕ್ಯಾಮೆರಾ ಮುಚ್ಚಿ, ಬರುವ ವಿಡಿಯೋವನ್ನೂ ನಿಲ್ಲಿಸಿ ದನಿ ಮಾತ್ರ ಉಳಿಸಿಕೊಂಡರೆ ಅದೇ ಒಂದು ಗಂಟೆ ನೂರು ಎಂಬಿಯನ್ನೂ ದಾಟುವುದಿಲ್ಲ. ಆದ್ದರಿಂದ ಪ್ರೋಗ್ರಾಂಗಳನ್ನು ಹೋಲಿಸುವಾಗ ನಾನು ಮೊದಲು ಕೇಳುವುದು, ವಿಡಿಯೋವನ್ನು ಸುಲಭವಾಗಿ ಇಳಿಸಲು, ನಿಲ್ಲಿಸಲು ಇದರಲ್ಲಿ ದಾರಿ ಇದೆಯೇ ಎಂದು. ಎಷ್ಟು ಜನ ಸೇರಬಹುದು ಎಂಬುದು ಆಮೇಲಿನ ಪ್ರಶ್ನೆ. ಮನೆಯ ಮಾತಿಗೆ ನೂರು ಜನ ಸೇರುವುದಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿ ಉಳಿದಿರುತ್ತದೆ, ರೂಟರ್ ಸತ್ತಿರುತ್ತದೆ. ರೂಟರ್‌ಗೆಂದೇ ಸಿಗುವ 12 ವೋಲ್ಟಿನ ಸಣ್ಣ ಬ್ಯಾಟರಿ ಡಬ್ಬಿಯನ್ನು ನಡುವೆ ಜೋಡಿಸಿದರೆ ಅದು ಒಂದಷ್ಟು ಹೊತ್ತು ಬದುಕಿರುತ್ತದೆ. ಫೈಬರ್ ಪೆಟ್ಟಿಗೆ ಮತ್ತು ವೈಫೈ ಪೆಟ್ಟಿಗೆ ಬೇರೆ ಬೇರೆಯಾಗಿದ್ದರೆ ಎರಡಕ್ಕೂ ವಿದ್ಯುತ್ ಬೇಕು ಎಂಬುದನ್ನು ಮರೆಯಬಾರದು. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಕೆಂಪುಕಲ್ಲಿನ ಗೋಡೆ ವೈಫೈಯನ್ನು ನುಂಗುತ್ತವೆ. ರೂಟರ್ ಜಗಲಿಯಲ್ಲಿದ್ದು ಕಂಪ್ಯೂಟರ್ ಮೆತ್ತಿನ ಮೇಲಿದ್ದರೆ ನೆಟ್‌ವರ್ಕ್ ಕೇಬಲ್ ಎಳೆದುಬಿಡಿ. ಸಾಮಾನ್ಯ ಕೇಬಲ್ ನೂರು ಮೀಟರ್‌ವರೆಗೆ ಧಾರಾಳವಾಗಿ ಕೆಲಸ ಮಾಡುತ್ತದೆ. ಪ್ರೋಗ್ರಾಂ ಬದಲಾಯಿಸಿ ಸಿಗುವ ಸುಧಾರಣೆಗಿಂತ ಇದರಿಂದ ಸಿಗುವುದು ಬಹಳ ಹೆಚ್ಚು.

ಕಂಪ್ಯೂಟರ್ ಎಷ್ಟು ಹಳೆಯದು?

ವಿಂಡೋಸ್ 7 ಇರುವ ಕಂಪ್ಯೂಟರ್‌ಗಳು ಇನ್ನೂ ಅನೇಕ ಮನೆಗಳಲ್ಲಿವೆ. 2023ರ ಆರಂಭದಿಂದ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು ಅದರಲ್ಲಿ ನಡೆಯುವುದಿಲ್ಲ. ವಾಟ್ಸಾಪ್‌ನ ಇಂದಿನ ಕಂಪ್ಯೂಟರ್ ಅಪ್ಲಿಕೇಶನ್ನಿಗೆ ವಿಂಡೋಸ್ 10 ಅಥವಾ ನಂತರದ್ದು ಬೇಕು. ಆ ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹೊಸದನ್ನು ಕೊಳ್ಳಲು ಆಗದವರು ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನಂತಹ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಸಿಕೊಂಡು, ಬ್ರೌಸರಿನಲ್ಲೇ ನಡೆಯುವ ಕರೆಗಳನ್ನು ಬಳಸಬಹುದು. ಇದು ನಾನು ಮನಸ್ಸಿಟ್ಟು ಹೇಳುವ ಸಲಹೆ. ಕೆಲಸ ಮಾಡುವ ಯಂತ್ರವನ್ನು ಮೂಲೆಗೆ ಹಾಕಬೇಕಾಗಿಲ್ಲ.

ಇನ್ನು ಹೆಡ್‌ಫೋನು. ಮನೆಯಲ್ಲಿ ನಾಲ್ವರು ಒಂದೇ ಪರದೆಯ ಮುಂದೆ ಕೂರುವುದಾದರೆ ಅದು ಆಗದ ಮಾತು, ಸ್ಪೀಕರೇ ಬೇಕು. ಆದರೆ ಒಂದೇ ಕೋಣೆಯಲ್ಲಿ ಕಂಪ್ಯೂಟರ್ ಒಂದು, ಫೋನ್ ಒಂದು ಎಂದು ಎರಡು ಕಡೆಯಿಂದ ಅದೇ ಕರೆಗೆ ಸೇರಬೇಡಿ. ಒಂದರ ಸ್ಪೀಕರಿನ ದನಿ ಇನ್ನೊಂದರ ಮೈಕಿಗೆ ಹೊಕ್ಕು ಕಿವಿ ಕೊರೆಯುವ ಕೂಗು ಏಳುತ್ತದೆ, ಇಡೀ ಗುಂಪಿನ ಮಾತು ನಿಲ್ಲುತ್ತದೆ.

ಬ್ರೌಸರಿನಲ್ಲೇ ನಡೆಯುವ ಎರಡು

ಗೂಗಲ್ ಮೀಟ್ ಮತ್ತು ಜಿಟ್ಸಿ ಮೀಟ್ ಎರಡಕ್ಕೂ ಕಂಪ್ಯೂಟರಿನಲ್ಲಿ ಏನನ್ನೂ ಸ್ಥಾಪಿಸಬೇಕಾಗಿಲ್ಲ. ಇದಕ್ಕೆ ಕಾರಣವಾದ ವೆಬ್‌ಆರ್‌ಟಿಸಿ ಎಂಬ ತಂತ್ರಜ್ಞಾನವನ್ನು ಗೂಗಲ್ 2011ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಈಗ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಅದು ಒಳಗೇ ಇರುತ್ತದೆ. ಲಿಂಕ್ ಒತ್ತಿದರೆ ಕ್ಯಾಮೆರಾ ಮತ್ತು ಮೈಕಿಗೆ ಅನುಮತಿ ಕೇಳುತ್ತದೆ, ಒಪ್ಪಿದರೆ ಒಳಗೆ ಹೋದಂತೆ. ಆ ಅನುಮತಿಯ ಸಣ್ಣ ಕಿಟಕಿಯಲ್ಲಿ ಗಾಬರಿಯಿಂದ ಬೇಡ ಎಂದು ಒತ್ತಿಬಿಡುವುದು ಹಿರಿಯರಲ್ಲಿ ತುಂಬ ಸಾಮಾನ್ಯ. ಒಮ್ಮೆ ಹಾಗಾದರೆ ಬ್ರೌಸರ್ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ವಿಳಾಸದ ಪಟ್ಟಿಯ ಬಳಿ ಇರುವ ಚಿಹ್ನೆಯನ್ನು ಒತ್ತಿ ಅನುಮತಿಯನ್ನು ಮತ್ತೆ ಕೊಡಬೇಕು. ಊರಿಗೆ ಹೋದಾಗ ಇದೊಂದನ್ನು ಅವರ ಕೈಯಿಂದಲೇ ಮಾಡಿಸಿ ಬನ್ನಿ.

ಮೀಟ್‌ನ ಬಲ ಎಂದರೆ ಅದು ಬಹುತೇಕ ಎಲ್ಲರ ಬಳಿಯೂ ಆಗಲೇ ಇರುವ ಜಿಮೇಲ್ ಖಾತೆಯಿಂದ ನಡೆಯುವುದು. ಉಚಿತ ಖಾತೆಯಲ್ಲಿ ನೂರು ಜನರವರೆಗೆ ಸೇರಬಹುದು. ಮೂವರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷಕ್ಕೆ ಕರೆ ಮುಗಿಯುತ್ತದೆ. 55ನೇ ನಿಮಿಷಕ್ಕೆ ಎಚ್ಚರಿಕೆ ಬರುತ್ತದೆ. ಇಬ್ಬರೇ ಆದರೆ 24 ಗಂಟೆ ಮಾತಾಡಬಹುದು. ಕೊರೊನಾ ಕಾಲದಲ್ಲಿ, 2021ರ ಮಧ್ಯದವರೆಗೆ, ಗುಂಪಿಗೂ ಈ ಮಿತಿ ಇರಲಿಲ್ಲ. ಹಾಗಾಗಿ ಮಿತಿಯೇ ಇಲ್ಲ ಎಂಬ ಹಳೆಯ ಮಾತು ಇನ್ನೂ ಕೆಲವರ ಬಾಯಲ್ಲಿದೆ. ಗೂಗಲ್ ಕ್ಯಾಲೆಂಡರಿನಲ್ಲಿ ಕರೆಯನ್ನು ಮೊದಲೇ ಗುರುತು ಹಾಕಿಟ್ಟರೆ ಲಿಂಕ್ ಅಲ್ಲೇ ಸಿಗುತ್ತದೆ, ಆಯಾ ದೇಶದ ಸಮಯಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಇದರ ಬೆಲೆ ತಿಳಿಯುವುದು ನವೆಂಬರಿನಲ್ಲಿ. ಬೇಸಿಗೆಯಲ್ಲಿ ನಮ್ಮ ರಾತ್ರಿ ಎಂಟಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಏಳೂವರೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಅದೇ ಹೊತ್ತು ಆರೂವರೆಯಾಗುತ್ತದೆ. ಅಜ್ಜಿ ಇಲ್ಲಿ ಕಾದು ಕೂರುವುದೂ ಮೊಮ್ಮಗ ಅಲ್ಲಿ ನಿದ್ದೆಯಲ್ಲಿರುವುದೂ ತಪ್ಪುತ್ತದೆ.

ಜಿಟ್ಸಿಯ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಇದು ಮುಕ್ತ ತಂತ್ರಾಂಶ. 2003ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಎಮಿಲ್ ಇವೋವ್ ಶುರುಮಾಡಿದ ಕೆಲಸದಿಂದ ಬೆಳೆದದ್ದು. 2018ರಿಂದ 8x8 ಎಂಬ ಕಂಪನಿಯ ಆಶ್ರಯದಲ್ಲಿದೆ. ಕರೆಗೆ ಕಾಲಮಿತಿಯ ಕತ್ತರಿ ಇಲ್ಲ. ಸೇರುವವರಿಗೆ ಖಾತೆ ಬೇಡ, ಫೋನ್ ಸಂಖ್ಯೆ ಬೇಡ, ಹೆಸರು ಬರೆದು ಒಳಗೆ ಬಂದರಾಯಿತು. ಕೋಣೆಯನ್ನು ತೆರೆಯುವ ಒಬ್ಬರು ಮಾತ್ರ 2023ರ ಆಗಸ್ಟ್‌ನಿಂದ ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯಿಂದ ಲಾಗಿನ್ ಆಗಬೇಕು. ಕೆಟ್ಟ ಬಳಕೆಯನ್ನು ತಡೆಯಲು ತಂದ ನಿಯಮ ಅದು. ಲಾಗಿನ್ ಕೆಲಸವನ್ನು ಪೇಟೆಯ ಮಕ್ಕಳು ವಹಿಸಿಕೊಂಡರೆ ತೋಟದ ಮನೆಯವರಿಗೆ ಲಿಂಕ್ ಒತ್ತುವುದಷ್ಟೇ ಉಳಿಯುತ್ತದೆ. ದುರ್ಬಲ ಲೈನಿನವರಿಗೆ ಇದರಲ್ಲಿ ಮುಖ್ಯವಾದದ್ದು ಕಾರ್ಯಕ್ಷಮತೆಯ ಸೆಟ್ಟಿಂಗ್. ಅಲ್ಲಿರುವ ಜಾರುಗುಂಡಿಯನ್ನು ಒಂದು ತುದಿಗೆ ಎಳೆದರೆ ದನಿ ಮಾತ್ರ ಉಳಿಯುತ್ತದೆ, ಇನ್ನೊಂದು ತುದಿಗೆ ಎಳೆದರೆ ಪೂರ್ಣ ಸ್ಪಷ್ಟತೆಯ ವಿಡಿಯೋ. ಇಬ್ಬರೇ ಮಾತಾಡುವಾಗ ಜಿಟ್ಸಿ ಸಾಧ್ಯವಾದರೆ ನಡುವಿನ ಸರ್ವರ್ ಬಿಟ್ಟು ನೇರವಾಗಿ ಎರಡು ಯಂತ್ರಗಳನ್ನು ಜೋಡಿಸುತ್ತದೆ.

ಜಿಟ್ಸಿಯ ಕೊರತೆಯೂ ಇದೆ. ಹತ್ತು ಹನ್ನೆರಡು ಮುಖಗಳು ಒಟ್ಟಿಗೆ ತೆರೆದರೆ ಹಳೆಯ ಕಂಪ್ಯೂಟರ್ ಬಿಸಿಯಾಗಿ ಫ್ಯಾನು ಜೋರಾಗಿ ತಿರುಗತೊಡಗುತ್ತದೆ. ಕೋಣೆಯ ಹೆಸರನ್ನು ಯಾರಾದರೂ ಊಹಿಸಬಹುದಾದಂತೆ ಇಟ್ಟರೆ ಅಪರಿಚಿತರು ಬಂದು ಕೂರಬಹುದು. ಊರಿನ ಹೆಸರನ್ನೋ ಮನೆತನದ ಹೆಸರನ್ನೋ ಒಂಟಿಯಾಗಿ ಇಡಬೇಡಿ. ಸಂಬಂಧವಿಲ್ಲದ ಮೂರು ನಾಲ್ಕು ಪದಗಳನ್ನು ಕೂಡಿಸಿ ಇಡಿ, ಗುಪ್ತಪದವನ್ನೂ ಹಾಕಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಕಲಿಸುವವರು ಮನಸ್ಸು ಮಾಡಿದರೆ ತಮ್ಮದೇ ಸರ್ವರಿನಲ್ಲಿ ಜಿಟ್ಸಿ ನಡೆಸಬಹುದು. ಪರವಾನಗಿಗೆ ಹಣ ಕೊಡಬೇಕಾಗಿಲ್ಲ. ಅಂತಹದೊಂದು ಜಿಲ್ಲೆಯಲ್ಲೇ ಇದ್ದರೆ ಎಷ್ಟು ಸಂಘಗಳಿಗೆ, ಎಷ್ಟು ತರಗತಿಗಳಿಗೆ ಉಪಕಾರವಾದೀತು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಎರಡರಲ್ಲಿ ಒಂದನ್ನು ಆರಿಸಿ ಎಂದರೆ, ಎಲ್ಲರೂ ಜಿಮೇಲ್ ಬಳಸುವ ಮನೆಗೆ ಮೀಟ್, ಯಾರಿಗಾದರೂ ಖಾತೆ ಇಲ್ಲದಿದ್ದರೆ ಅಥವಾ ಮಾತು ಒಂದು ಗಂಟೆಯಲ್ಲಿ ಮುಗಿಯದಿದ್ದರೆ ಜಿಟ್ಸಿ.

ವಾಟ್ಸಾಪ್: ಆಗಲೇ ಗೊತ್ತಿರುವುದರ ಬಲ

ಹಿರಿಯರಿಗೆ ಹೊಸದನ್ನು ಕಲಿಸುವ ಮೊದಲು ಅವರಿಗೆ ಆಗಲೇ ಬರುವುದನ್ನು ನೋಡಬೇಕು. ಅಡಿಕೆ ಧಾರಣೆಯಿಂದ ಹಿಡಿದು ಮದುವೆ ಕರೆಯೋಲೆಯವರೆಗೆ ಎಲ್ಲವೂ ವಾಟ್ಸಾಪ್‌ನಲ್ಲೇ ಬರುವ ಮನೆಯಲ್ಲಿ ಅದರ ಹಸಿರು ಬಣ್ಣ ಅಪ್ಪನಿಗೆ ಪರಿಚಿತ. ವಿಂಡೋಸ್ ಮತ್ತು ಮ್ಯಾಕ್ ಕಂಪ್ಯೂಟರಿಗೆ ಅದರ ಅಪ್ಲಿಕೇಶನ್ ಹಾಕಿಕೊಂಡು ಪರದೆಯಲ್ಲಿ ಕಾಣುವ ಕೋಡನ್ನು ಫೋನಿನಿಂದ ಒಮ್ಮೆ ಸ್ಕ್ಯಾನ್ ಮಾಡಿ ಜೋಡಿಸಿದರೆ ದೊಡ್ಡ ಪರದೆಯಲ್ಲಿ 32 ಜನರವರೆಗೆ ವಿಡಿಯೋ ಕರೆ ಮಾಡಬಹುದು. ಕಾಲಮಿತಿ ಇಲ್ಲ. ಕರೆ ಬಂದಾಗ ಗಂಟೆ ಬಾರಿಸುತ್ತದೆ, ಎತ್ತಿದರಾಯಿತು. ಲಿಂಕ್ ಹುಡುಕುವುದು, ಕೋಣೆಗೆ ಸೇರುವುದು ಯಾವುದೂ ಇಲ್ಲ. ಈ ಕೊನೆಯ ಗುಣದಲ್ಲಿ ವಾಟ್ಸಾಪ್ ಮೀಟ್‌ಗಿಂತಲೂ ಜಿಟ್ಸಿಗಿಂತಲೂ ಮೇಲು ಎಂದೇ ನನ್ನ ತೀರ್ಮಾನ. ಮಾತುಗಳು ಆರಂಭದಿಂದ ಕೊನೆಯವರೆಗೆ ಗೂಢಲಿಪಿಯಲ್ಲಿ ಹೋಗುತ್ತವೆ, ನಡುವಿನ ಕಂಪನಿಗೂ ಕೇಳಿಸುವುದಿಲ್ಲ.

ಕೊರತೆ ಏನೆಂದರೆ, ಇದು ಫೋನ್ ಸಂಖ್ಯೆಗೆ ಕಟ್ಟಿಕೊಂಡಿದೆ. ಹದಿನಾಲ್ಕು ದಿನ ಫೋನಿನಲ್ಲಿ ವಾಟ್ಸಾಪ್ ತೆರೆಯದಿದ್ದರೆ ಕಂಪ್ಯೂಟರಿನ ಜೋಡಣೆ ಕಳಚಿಕೊಳ್ಳುತ್ತದೆ. ಲಿನಕ್ಸ್‌ಗೆ ಅಧಿಕೃತ ಅಪ್ಲಿಕೇಶನ್ ಇಲ್ಲ. ಸಂಘದ ಸಭೆಗೆ ಇದನ್ನು ಬಳಸಿದರೆ ಎಲ್ಲರ ಸಂಖ್ಯೆ ಎಲ್ಲರಿಗೂ ಸಿಕ್ಕಿಬಿಡುತ್ತದೆ, ಹೆಂಗಸರು ಇದನ್ನು ಇಷ್ಟಪಡದಿರುವುದು ನ್ಯಾಯವೇ. ಮನೆಯವರ ಮಾತಿಗೆ ವಾಟ್ಸಾಪ್, ಹೊರಗಿನವರು ಸೇರುವ ಕರೆಗೆ ಬೇರೆ ಏನಾದರೂ ಎಂಬ ಗೆರೆ ಎಳೆದುಕೊಳ್ಳುವುದು ಒಳ್ಳೆಯದು. ಸಿಗ್ನಲ್ ಕೂಡ ಇದೇ ಬಗೆಯದು. ಲಾಭದ ಉದ್ದೇಶವಿಲ್ಲದ ಸಂಸ್ಥೆಯದು, ಖಾಸಗಿತನದಲ್ಲಿ ಮೇಲು, ಲಿನಕ್ಸ್‌ಗೂ ಸಿಗುತ್ತದೆ. ಆದರೆ ನಿಮ್ಮ ಬಂಧುಗಳಲ್ಲಿ ಎಷ್ಟು ಜನ ಅದರಲ್ಲಿದ್ದಾರೆ ಎಂಬುದರ ಮೇಲೆ ಉಪಯೋಗ ನಿಂತಿದೆ.

ಝೂಮ್, ಮತ್ತು ಹಾಡುವವರ ಕಷ್ಟ

ಝೂಮ್‌ನ ಉಚಿತ ಯೋಜನೆಯಲ್ಲಿ ಕರೆ 40 ನಿಮಿಷಕ್ಕೆ ಕೊನೆಯಾಗುತ್ತದೆ. ಅದೇ ಲಿಂಕಿನಿಂದ ಮತ್ತೆ ಶುರುಮಾಡಬಹುದಾದರೂ ಹಿರಿಯರಿದ್ದ ಕರೆಯಲ್ಲಿ ಇದು ದೊಡ್ಡ ತೊಂದರೆ. ಅವರು ತಾವೇ ಏನೋ ಒತ್ತಿಬಿಟ್ಟೆವು ಎಂದು ಗಾಬರಿಯಾಗುತ್ತಾರೆ, ಎರಡನೆಯ ಬಾರಿ ಸೇರುವಾಗ ಅರ್ಧ ಜನ ಉಳಿದಿರುವುದಿಲ್ಲ. ಬರೀ ಕುಟುಂಬದ ಮಾತಿಗೆ ಝೂಮ್ ಉಚಿತ ಯೋಜನೆಯನ್ನು ನಾನು ಹೇಳುವುದಿಲ್ಲ.

ಆದರೆ ಸಂಗೀತ, ಗಮಕ, ತಾಳಮದ್ದಳೆಯ ಪಾಠಕ್ಕೆ ಬಂದರೆ ಲೆಕ್ಕವೇ ಬೇರೆ. ಶಿವಮೊಗ್ಗದ ಪಕ್ಕ ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಕಾವ್ಯವಾಚನ ಕಲಿಯುವ ಆಸೆ ಇರುವವರು ಈಗ ದೂರದ ಊರುಗಳಲ್ಲಿದ್ದಾರೆ. ಅವರಿಗೆ ವಿಡಿಯೋ ತರಗತಿ ದೊಡ್ಡ ವರ. ಆದರೆ ಈ ಪ್ರೋಗ್ರಾಂಗಳೆಲ್ಲ ಮಾತಿಗಾಗಿ ಮಾಡಿದವು. ಫ್ಯಾನಿನ ಸದ್ದು, ಮಳೆಯ ಸದ್ದು, ಹೀಗೆ ಒಂದೇ ಸಮನೆ ಬರುವ ದನಿಯನ್ನು ಗದ್ದಲವೆಂದು ತಿಳಿದು ಅಳಿಸುತ್ತವೆ. ತಂಬೂರಿಯ ಶ್ರುತಿಯೂ ಒಂದೇ ಸಮನೆ ಬರುವ ದನಿಯೇ. ಗುರುಗಳು ಶ್ರುತಿ ಹಿಡಿದು ಹಾಡುತ್ತಿದ್ದರೆ ಶಿಷ್ಯನಿಗೆ ಶ್ರುತಿ ಕೇಳುವುದೇ ಇಲ್ಲ. ದೀರ್ಘವಾಗಿ ಎಳೆದ ಸ್ವರ ನಡುವೆ ಮಂಕಾಗುತ್ತದೆ, ಮದ್ದಳೆಯ ಪೆಟ್ಟು ಮೊಂಡಾಗುತ್ತದೆ. ಕಲಿಯುವವರಿಗೆ ತಮ್ಮ ಕಿವಿಯ ಮೇಲೇ ಸಂಶಯ ಬರುತ್ತದೆ. ಇದು ಅನ್ಯಾಯ, ಏಕೆಂದರೆ ದೋಷ ಕಿವಿಯದ್ದಲ್ಲ.

ಝೂಮ್‌ನ ಕಂಪ್ಯೂಟರ್ ಅಪ್ಲಿಕೇಶನ್ನಿನಲ್ಲಿ ಆಡಿಯೋ ಸೆಟ್ಟಿಂಗ್‌ಗಳ ಒಳಗೆ ಸಂಗೀತಗಾರರಿಗಾಗಿಯೇ ಮೂಲಧ್ವನಿ (Original sound) ಎಂಬ ಆಯ್ಕೆ ಇದೆ, ಉಚಿತ ಖಾತೆಯಲ್ಲೂ ಇದೆ. ಅದನ್ನು ಆನ್ ಮಾಡಿದರೆ ಗದ್ದಲ ಅಳಿಸುವ ಕೆಲಸ ನಿಲ್ಲುತ್ತದೆ, ದನಿ ಇದ್ದಂತೆ ಹೋಗುತ್ತದೆ. ಹಾಡುವವರ ಕಡೆ ಅದು ಆನ್ ಆಗಿರಬೇಕು, ಕೇಳುವವರ ಕಡೆ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಅದರೊಳಗಿನ ಪ್ರತಿಧ್ವನಿ ತಡೆಯನ್ನೂ ತೆಗೆದರೆ ಎರಡೂ ಕಡೆಯವರಿಗೆ ಹೆಡ್‌ಫೋನ್ ಬೇಕೇ ಬೇಕು. ಸಾಮಾನ್ಯ ಬಳಕೆದಾರರಿಗೂ ಸುಲಭವಾಗಿ ಸಿಗುವಂತೆ ಈ ಸೌಲಭ್ಯವನ್ನು ಇಟ್ಟಿರುವುದಕ್ಕೆ, ಪಾಠದ ಮಟ್ಟಿಗೆ ಝೂಮ್‌ನ ನಲವತ್ತು ನಿಮಿಷದ ಕಟ್ಟನ್ನು ನಾನು ಒಪ್ಪಿಕೊಳ್ಳುತ್ತೇನೆ. ಒಂದು ಪಾಠಕ್ಕೆ ನಲವತ್ತು ನಿಮಿಷ ಸಾಲದ ಹೊತ್ತೂ ಅಲ್ಲ.

ಒಟ್ಟಿಗೆ ಹಾಡುವುದು ಮಾತ್ರ ಇಲ್ಲಿ ಹೇಳಿದ ಯಾವ ಪ್ರೋಗ್ರಾಂನಲ್ಲೂ ಆಗುವುದಿಲ್ಲ. ದನಿ ಹೋಗಿ ಮುಟ್ಟಲು ಸಮಯ ಹಿಡಿಯುತ್ತದೆ. ಮಾತುಕತೆಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿದ್ದರೆ ತೊಂದರೆ ತಿಳಿಯುವುದಿಲ್ಲ ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ತಾಳಕ್ಕೆ ತಾಳ ಸೇರಿಸಲು ಅದರ ಐದನೆಯ ಒಂದು ಭಾಗವೂ ಹೆಚ್ಚೇ. ಆದ್ದರಿಂದ ಗುರು ಹಾಡಿ ನಿಲ್ಲಿಸಿ, ಶಿಷ್ಯ ತಿರುಗಿ ಹಾಡುವ ಕ್ರಮವನ್ನೇ ಇಟ್ಟುಕೊಳ್ಳಿ. ಹತ್ತು ಮಕ್ಕಳಿಗೆ ಒಟ್ಟಿಗೆ ಪಾಠವಾದರೆ ಉಳಿದವರ ಮೈಕ್ ಮುಚ್ಚಿರಲಿ.

ಝೂಮ್ ಸುರಕ್ಷಿತವಲ್ಲ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಅದಕ್ಕೆ ಹಿನ್ನೆಲೆ ಇದೆ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವೇ ಅದು ಸುರಕ್ಷಿತ ವೇದಿಕೆಯಲ್ಲ ಎಂಬ ಸೂಚನೆ ಹೊರಡಿಸಿತ್ತು. ಅಪರಿಚಿತರು ಸಭೆಗಳಿಗೆ ನುಗ್ಗಿ ಗಲಾಟೆ ಮಾಡುತ್ತಿದ್ದ ಕಾಲ ಅದು. ಅದೇ ವರ್ಷ ಗುಪ್ತಪದ ಮತ್ತು ಕಾಯುವ ಕೋಣೆ (ಕರೆ ನಡೆಸುವವರು ಒಳಗೆ ಬಿಡುವವರೆಗೆ ಬಂದವರು ಕಾಯುವ ಜಾಗ) ತಾನಾಗಿಯೇ ಆನ್ ಆಗಿರುವಂತೆ ಬದಲಾಯಿತು, ಪೂರ್ಣ ಗೂಢಲಿಪಿಯ ಆಯ್ಕೆಯೂ ಬಂತು. ಕಾಯುವ ಕೋಣೆಯನ್ನು ಆಫ್ ಮಾಡದೆ, ಲಿಂಕನ್ನು ಎಲ್ಲರೂ ನೋಡುವಲ್ಲಿ ಹಾಕದೆ ಇದ್ದರೆ ಮನೆಯ ಬಳಕೆಗೆ ಹೆದರಬೇಕಾದ್ದಿಲ್ಲ.

ಉಳಿದವನ್ನು ಬೇಗ ಮುಗಿಸುತ್ತೇನೆ. ಸ್ಕೈಪ್ 2025ರ ಮೇ 5ರಂದು ನಿಂತುಹೋಯಿತು. ಅದರ ಹೆಸರಿನಲ್ಲಿ ಈಗ ಡೌನ್‌ಲೋಡ್ ಕೊಡುವ ತಾಣಗಳನ್ನು ನಂಬಬೇಡಿ. ಸ್ಕೈಪ್ ಖಾತೆ ಇದ್ದವರಿಗೆ ಮೈಕ್ರೋಸಾಫ್ಟ್ ತೋರಿಸಿದ ದಾರಿ ಟೀಮ್ಸ್. ಉಚಿತ ಟೀಮ್ಸ್‌ನಲ್ಲಿ ಗುಂಪು ಕರೆಗೆ 60 ನಿಮಿಷ, ನೂರು ಜನ. ಕಚೇರಿ ಕೆಲಸದ ವಾಸನೆ ಹೆಚ್ಚು, ಹಳೆಯ ಕಂಪ್ಯೂಟರಿಗೆ ಭಾರ. ಕಾಲೇಜು ಹುಡುಗರು ಡಿಸ್ಕಾರ್ಡ್ ಹೇಳುತ್ತಾರೆ. ಅವರ ಗುಂಪಿಗೆ ಅದು ಸರಿ, ಹಿರಿಯರಿಗೆ ಅದರ ಪರದೆ ಗೊಂದಲ. ಅಮೆರಿಕದ ಮಗನ ಬಳಿ ಐಫೋನ್ ಇದ್ದರೆ ಅವನು ಫೇಸ್‌ಟೈಮ್ ಲಿಂಕ್ ಕಳಿಸಬಹುದು, 2021ರಿಂದ ಅದನ್ನು ವಿಂಡೋಸ್ ಕಂಪ್ಯೂಟರಿನ ಕ್ರೋಮ್ ಅಥವಾ ಎಡ್ಜ್‌ನಲ್ಲೂ ತೆರೆಯಬಹುದು.

ಪೂಜೆ, ಮದುವೆ, ಉಪನಯನ

ಮನೆಯಲ್ಲಿ ಸತ್ಯನಾರಾಯಣ ಪೂಜೆ, ದೂರದ ಬಂಧುಗಳು ನೋಡಬೇಕು ಎಂದಾಗ ಎಲ್ಲರೂ ಗುಂಪು ಕರೆಗೇ ಕೈಹಾಕುತ್ತಾರೆ. ಅದು ತಪ್ಪು ಸಾಧನ. ನೋಡುವವರಲ್ಲಿ ಒಬ್ಬರು ಮೈಕ್ ಮುಚ್ಚಲು ಮರೆತರೂ ಕಥೆ ಕೇಳುವ ಬದಲು ಅವರ ಅಡುಗೆಮನೆಯ ಕುಕ್ಕರ್ ಸೀಟಿ ಎಲ್ಲರಿಗೂ ಕೇಳುತ್ತದೆ. ಒಂದು ಕಡೆಯಿಂದ ತೋರಿಸುವುದು, ಉಳಿದವರು ನೋಡುವುದು ಎಂದಿದ್ದರೆ ಯೂಟ್ಯೂಬ್ ನೇರಪ್ರಸಾರವೇ ಸರಿ. ಕಂಪ್ಯೂಟರಿನ ವೆಬ್‌ಕ್ಯಾಮ್‌ನಿಂದ ಮಾಡಲು ಚಂದಾದಾರರ ಸಂಖ್ಯೆಯ ನಿಬಂಧನೆ ಇಲ್ಲ. ಪ್ರಸಾರವನ್ನು ಪಟ್ಟಿಯಲ್ಲಿ ಕಾಣದಂತೆ ಇಟ್ಟು, ಲಿಂಕ್ ಇದ್ದವರಿಗೆ ಮಾತ್ರ ತೋರಿಸಬಹುದು. ಮೊದಲ ಬಾರಿಗೆ ಈ ಸೌಲಭ್ಯ ತೆರೆಯಲು 24 ಗಂಟೆವರೆಗೆ ಹಿಡಿಯುತ್ತದೆ, ಹಾಗಾಗಿ ಪೂಜೆಯ ಬೆಳಿಗ್ಗೆ ಕೂತು ಶುರುಮಾಡಿದರೆ ಆಗುವುದಿಲ್ಲ. ನಿಮ್ಮ ಮನೆಯಿಂದ ಒಂದೇ ಪ್ರಸಾರ ಹೊರಟರೆ ಸಾಕು, ನೋಡುವವರು ಎಷ್ಟೇ ಇರಲಿ. ಸ್ವಲ್ಪ ತಡವಾಗಿ ಕಾಣುತ್ತದೆ, ಪೂಜೆಗೆ ಅದರಿಂದ ನಷ್ಟವಿಲ್ಲ. ರೆಕಾರ್ಡ್ ಕೂಡ ಉಳಿಯುತ್ತದೆ. ಆಶೀರ್ವಾದದ ಹೊತ್ತಿಗೆ ಅತ್ತೆ, ಚಿಕ್ಕಪ್ಪ ಮಾತಾಡಲೇಬೇಕಾದರೆ ಆ ಅರ್ಧ ಗಂಟೆಗೆ ಮೀಟ್ ತೆರೆಯಿರಿ.

ಪಹಣಿ, ಪರದೆ ಮತ್ತು ಅಪರಿಚಿತರು

ಕಂಪ್ಯೂಟರಿನ ಕರೆ ಫೋನಿನ ಕರೆಗಿಂತ ನಿಜವಾಗಿ ಮೇಲಾಗುವುದು ಪರದೆ ಹಂಚಿಕೊಳ್ಳುವಾಗ. ಅಣ್ಣತಮ್ಮಂದಿರು ಮೂರು ಊರಿನಲ್ಲಿದ್ದು ತೋಟದ ಪಹಣಿ ನೋಡಿ ಮಾತಾಡಬೇಕಾದಾಗ ರಾಜ್ಯ ಸರ್ಕಾರದ ‘ಭೂಮಿ’ ಜಾಲತಾಣವನ್ನು ಎಲ್ಲರೂ ಒಟ್ಟಿಗೆ ನೋಡುತ್ತ ಸರ್ವೆ ನಂಬರ್ ಮೇಲೆ ಬೆರಳಿಟ್ಟಂತೆ ಮಾತಾಡಬಹುದು. ಮೀಟ್, ಜಿಟ್ಸಿ, ಝೂಮ್, ವಾಟ್ಸಾಪ್ ಎಲ್ಲದರಲ್ಲೂ ಇದು ಇದೆ. ಇಡೀ ಪರದೆಯನ್ನು ಹಂಚಬೇಡಿ, ಆ ಒಂದು ಕಿಟಕಿಯನ್ನು ಮಾತ್ರ ಹಂಚಿ. ಆಗ ಬ್ಯಾಂಕಿನ ಸಂದೇಶ ಮೂಲೆಯಲ್ಲಿ ಬಂದರೆ ಬೇರೆಯವರಿಗೆ ಕಾಣುವುದಿಲ್ಲ.

ಇದೇ ಸೌಲಭ್ಯ ಕಳ್ಳರ ಕೈಗೂ ಸಿಕ್ಕಿದೆ. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಚ್ಚಬೇಡಿ ಎಂದು ಹೆದರಿಸಿ ಹಣ ಕೀಳುವ ವಂಚನೆಯ ಬಗ್ಗೆ ಪ್ರಧಾನಿ 2024ರ ಅಕ್ಟೋಬರ್‌ನ ಮನ್ ಕೀ ಬಾತ್‌ನಲ್ಲಿ ಎಚ್ಚರಿಸಿದ್ದರು. ಅಂತಹ ಬಂಧನ ಕಾನೂನಿನಲ್ಲೇ ಇಲ್ಲ. ತೋಟದ ಮನೆಯಲ್ಲಿ ಇಬ್ಬರೇ ಇರುವ ಹಿರಿಯರಿಗೆ ವಿಡಿಯೋ ಕರೆ ಕಲಿಸುವಾಗ ಇದನ್ನೂ ಅದೇ ದಿನ ಕಲಿಸಬೇಕು. ಗೊತ್ತಿಲ್ಲದವರ ವಿಡಿಯೋ ಕರೆ ಎತ್ತಬಾರದು, ಎತ್ತಿದರೂ ಮುಚ್ಚಿಬಿಡಬಹುದು, ಹಾಗೆ ಮುಚ್ಚುವುದು ಅಸಭ್ಯತೆಯಲ್ಲ. ಗೊತ್ತಿಲ್ಲದವರು ಹೇಳಿದರೆಂದು ಪರದೆ ಹಂಚಬಾರದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ಕಂಪ್ಯೂಟರಿನ ಪಕ್ಕ ದೊಡ್ಡದಾಗಿ ಬರೆದು ಅಂಟಿಸಿ.

ಇನ್ನು ಪರೀಕ್ಷೆ ಮಾಡುವ ಬಗೆ. ವಾಟ್ಸಾಪ್ ಒಂದು, ಮೀಟ್ ಅಥವಾ ಜಿಟ್ಸಿ ಒಂದು, ಹೀಗೆ ಎರಡನ್ನು ಆರಿಸಿಕೊಳ್ಳಿ. ಒಂದು ಕೈಕೊಟ್ಟಾಗ ಇನ್ನೊಂದಕ್ಕೆ ಹೋಗುವುದು ಎಂದು ಮೊದಲೇ ಎಲ್ಲರೂ ಒಪ್ಪಿರಬೇಕು. ಪರೀಕ್ಷೆಯನ್ನು ಮಳೆ ಸುರಿಯುತ್ತಿರುವ ಸಂಜೆ, ಏಳರಿಂದ ಒಂಬತ್ತರ ನಡುವೆ ಮಾಡಿ, ಎಲ್ಲರೂ ಇಂಟರ್‌ನೆಟ್ ಬಳಸುವ ಹೊತ್ತು ಅದು. ಬೇಸಿಗೆಯ ಮಧ್ಯಾಹ್ನ ಎಲ್ಲವೂ ಚೆನ್ನಾಗಿ ನಡೆಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕರೆ ಮುಗಿದ ಮೇಲೆ ಹತ್ತು ನಿಮಿಷ ಬಿಟ್ಟು ತೋಟದ ಮನೆಯವರನ್ನು ಕೇಳಿ: ದನಿ ಕಡಿಯದೆ ಕೇಳಿತೇ, ಕೈಬಿಟ್ಟುಹೋದಾಗ ತಾವಾಗಿಯೇ ಮತ್ತೆ ಸೇರಲು ಬಂತೇ? ಎರಡಕ್ಕೂ ಹೌದು ಎಂದರೆ ಅದೇ ಇರಲಿ, ಪೇಟೆಯವರಿಗೆ ಎಷ್ಟೇ ಹಳೆಯದೆನಿಸಿದರೂ. ಇಲ್ಲ ಎಂದರೆ ಎಲ್ಲರೂ ಕ್ಯಾಮೆರಾ ಮುಚ್ಚಿ ದನಿಯಲ್ಲೇ ಇನ್ನೊಮ್ಮೆ ನೋಡಿ, ಆಮೇಲೆ ಎರಡನೆಯದಕ್ಕೆ ಹೋಗಿ.